ಬಾಲ ಕಟ್ಟಿ ಚಾಲೂ ಮಾಡಿದ 30 ಸಿಸಿ

ಎರಡು ಮೀಟರ್ ರೆಕ್ಕೆಯ ನನ್ನ ರೇಡಿಯೋ ಕಂಟ್ರೋಲ್ ವಿಮಾನಕ್ಕೆ ಪೆಟ್ರೋಲ್ ಎಂಜಿನ್ ಹಾಕಲು ಹೊರಟಾಗ ನನಗಿದ್ದ ಅನುಭವವೆಲ್ಲ, ಕಿಡಿಯ ಬದಲು ಕಾದ ತಂತಿಯಿಂದ ಇಂಧನ ಹೊತ್ತಿಸುವ ಗ್ಲೋ ಎಂಜಿನ್‌ಗಳದ್ದು. ಮಿಥನಾಲ್, ನೈಟ್ರೋಮೀಥೇನ್, ಎಣ್ಣೆ ಬೆರೆಸಿದ ಆ ಇಂಧನ, ಎಂಜಿನ್ ದೊಡ್ಡದಾದಷ್ಟೂ ಜೇಬು ಸುಡುತ್ತದೆ. ಅದಕ್ಕೇ 30 ಸಿಸಿಯ ಟೂ ಸ್ಟ್ರೋಕ್ ತಂದು, ಪುಣೆ ಪಕ್ಕದ ಪಿಂಪ್ರಿಯ ನಮ್ಮ ಬಾಡಿಗೆ ಮನೆಯ ಗ್ಯಾಲರಿಯಲ್ಲಿ ಎರಡು ತಿಂಗಳು ಕೂತು ಜೋಡಿಸಿದೆ.

ಎಣ್ಣೆಯ ಅಳತೆ 30ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 33 ಮಿ.ಲೀ. ಟೂ ಟಿ ಎಣ್ಣೆ. ಲೂನಾ ಓಡಿಸಿದವರಿಗೆ ಇದು ಹೊಸದಲ್ಲ. ಪುಣೆಯ ಕಂಪನಿಯೇ ಮಾಡಿದ ಆ ಗಾಡಿಗೂ ಎಣ್ಣೆ ಬೆರೆಸಿಯೇ ಪೆಟ್ರೋಲ್ ಹಾಕುತ್ತಿದ್ದರು. ಆದರೆ ಗ್ಲೋ ಇಂಧನದಲ್ಲಿ ಐದನೇ ಒಂದು ಪಾಲಿನಷ್ಟು ಎಣ್ಣೆ ನೋಡಿದ್ದವನಿಗೆ ಇಷ್ಟೇ ಸುರಿಯುವಾಗ ಎದೆ ಅಳುಕಿತು.

ನನಗೆ ಭಯ ಹುಟ್ಟಿಸಿದ್ದು ಇಗ್ನಿಷನ್. ಪ್ರೊಪೆಲ್ಲರ್ ಹಬ್‌ನಲ್ಲಿ ಪುಟ್ಟದೊಂದು ಅಯಸ್ಕಾಂತ, ಅದರೆದುರು ಸೆನ್ಸರ್. ಅಯಸ್ಕಾಂತ ಎದುರಿಗೆ ಹಾದಾಗಲೆಲ್ಲ ಪ್ಲಗ್‌ನಲ್ಲಿ ಕಿಡಿ. ಸ್ವಿಚ್ ಆನ್ ಇದ್ದರೆ ಪ್ರೊಪೆಲ್ಲರನ್ನು ಮೆಲ್ಲಗೆ ತಿರುಗಿಸಿದರೂ ಎಂಜಿನ್ ಚಾಲೂ ಆಗಿಬಿಡಬಹುದು, 18 ಇಂಚಿನ ಮರದ ಅಲಗು ಬೆರಳು ಉಳಿಸುವುದಿಲ್ಲ. ಹಾಗಾಗಿ ಇಗ್ನಿಷನ್‌ಗೆ ಬೇರೆ ಬ್ಯಾಟರಿ, ಬೇರೆ ಸ್ವಿಚ್, ಜೊತೆಗೆ ಟ್ರಾನ್ಸ್‌ಮಿಟರ್‌ನಿಂದಲೇ ಕಿಡಿ ನಿಲ್ಲಿಸುವ ಕಿಲ್ ಸ್ವಿಚ್ ಇಟ್ಟೆ. ಕಿಡಿಯ ಗದ್ದಲ ರೇಡಿಯೋಗೆ ತಟ್ಟಬಾರದೆಂದು ರಿಸೀವರನ್ನು ಒಂದಡಿಗಿಂತ ಹಿಂದೆ ಕೂರಿಸಿದೆ. ಥ್ರಾಟಲ್ ಕಡ್ಡಿಯೂ ತಂತಿಯದಲ್ಲ, ನೈಲಾನ್.

ಚಾಕಣ್ ದಾಟಿ ಇರುವ ಬಯಲಿಗೆ ಒಯ್ದ ದಿನ ಕಾಕಾ ಜೊತೆಗಿದ್ದರು. ಬೆಳಗಾವಿ ಕಡೆಯವರು, ಭೋಸರಿಯಲ್ಲಿ ಸ್ಕೂಟರ್ ರಿಪೇರಿ ಮಾಡಿಯೇ ಜೀವನ ಕಳೆದವರು.

“ತಮ್ಮಾ, ಮೊದಲ ಬಾಲಾ ಕಟ್ಟು. ಆಮ್ಯಾಲ ಪಂಖಾಕ್ಕ ಕೈ ಹಚ್ಚು” ಅಂದರು.

ಬಾಲವನ್ನು ಬೇವಿನ ಮರಕ್ಕೆ ಕಟ್ಟಿ, ಚರ್ಮದ ಗ್ಲೌಸ್ ಹಾಕಿ, ಚೋಕ್ ಮುಚ್ಚಿ ತಿರುಗಿಸಿದೆ. ಹತ್ತು ಸಲ, ಇಪ್ಪತ್ತು ಸಲ. ಕಾರ್ಬ್ಯುರೇಟರ್‌ಗೆ ಹೋಗುವ ಹಳದಿ ಪೈಪಿನಲ್ಲಿ ಪೆಟ್ರೋಲ್ ಒಂದಿಂಚು ಬಂದು ನಿಲ್ಲುತ್ತಿತ್ತು, ಅದರ ತುಂಬ ಗುಳ್ಳೆ. ಪ್ಲಗ್ ತೆಗೆದು ನೋಡಿದೆ, ಒಣಗಿತ್ತು.

“ಹೊರಗಿನ ಪೈಪ್ ಬದಲಿ ಮಾಡೀದಿ. ಟ್ಯಾಂಕಿನ ಒಳಗಿಂದು?” ಕಾಕಾ ಕೇಳಿದರು.

ಅದನ್ನು ನಾನು ಮುಟ್ಟಿರಲಿಲ್ಲ. ಗ್ಲೋ ವಿಮಾನದ ಹಳೆಯ ಟ್ಯಾಂಕ್ ಅದು, ಒಳಗೆ ಸಿಲಿಕೋನ್ ಪೈಪು. ಸೋರುತ್ತದೆಯೇ ನೋಡೋಣವೆಂದು ಹಿಂದಿನ ಸಂಜೆಯೇ ಪೆಟ್ರೋಲ್ ತುಂಬಿಟ್ಟಿದ್ದೆ. ಬಿಚ್ಚಿದಾಗ ಆ ಪೈಪು ನೆನೆದ ಕಡಲೆಯ ಹಾಗೆ ಊದಿ, ಮೆತ್ತಗಾಗಿ, ಹಿತ್ತಾಳೆ ಕೊಳವೆಯಿಂದ ಅರ್ಧ ಕಳಚಿಕೊಂಡಿತ್ತು. ಎಂಜಿನ್ ಇಡೀ ಬೆಳಿಗ್ಗೆ ಎಳೆದದ್ದು ಗಾಳಿಯನ್ನು. ಸಿಲಿಕೋನ್ ಮಿಥನಾಲ್‌ಗೆ ಬಗ್ಗುವುದಿಲ್ಲ, ಪೆಟ್ರೋಲಿಗೆ ತಡೆಯುವುದೇ ಇಲ್ಲ. ಟ್ಯಾಂಕಿನ ರಬ್ಬರ್ ಬಿರಡೆಯೂ ಪೆಟ್ರೋಲ್ ತಾಳುವುದೇ ಆಗಿರಬೇಕು. ಮೊದಲ ಸಲ ಮಾಡುವವರು ದಯವಿಟ್ಟು ಟ್ಯಾಂಕ್ ಬಿಚ್ಚಿ ನೋಡಿ.

ಮುಂದಿನ ಭಾನುವಾರ ಆರನೇ ತಿರುವಿಗೆ ‘ಪಟ್’ ಅಂದು ನಿಂತಿತು. ಚೋಕ್ ತೆಗೆದು ಮತ್ತೆ ತಿರುಗಿಸಿದೆ, ಹೊತ್ತಿಕೊಂಡಿತು. ಗ್ಲೋದ ಕೀರಲು ಸದ್ದಲ್ಲ, ಹೊಲದ ಪಂಪಿನಂಥ ಗಟ್ಟಿ ದನಿ.

ಆದರೆ ಥ್ರಾಟಲ್ ದಿಢೀರ್ ಏರಿಸಿದರೆ ಉಸಿರು ಕಟ್ಟಿದಂತೆ ಸಾಯುತ್ತಿತ್ತು. ಗ್ಲೋದ ರೂಢಿಯಲ್ಲಿ ನನ್ನ ಕೈ ನೇರ ಎಚ್ ಸ್ಕ್ರೂಗೆ, ಅಂದರೆ ಜೋರು ಓಟದ ಇಂಧನ ಹೊಂದಿಸುವ ತಿರುಪಿಗೆ ಹೋಯಿತು. ಕಾಕಾ ತಡೆದರು: “ಅದನ್ನ ಮುಟ್ಟಬ್ಯಾಡ. ಎಲ್ ಮೊದಲ.” ಈ ಕಾರ್ಬ್ಯುರೇಟರ್‌ನಲ್ಲಿ ಎಲ್ ಸ್ಕ್ರೂ ನಿಧಾನ ಓಟಕ್ಕಷ್ಟೇ (ಐಡಲ್) ಅಲ್ಲ, ಅಲ್ಲಿಂದ ಮೇಲೇರುವ ದಾರಿಗೂ ಇಂಧನ ಕೊಡುತ್ತದೆ. ಹೊಗೆಯಿಲ್ಲದೆ ಸತ್ತರೆ ಇಂಧನ ಸಾಲದು, ಗೊರಗೊರ ಅಂತ ಉಗುಳಿದರೆ ಹೆಚ್ಚಾಗಿದೆ. ಸ್ಕ್ರೂ ಬಿಚ್ಚಿದಷ್ಟೂ ಇಂಧನ ಹೆಚ್ಚು. ಎಲ್ ಅನ್ನು ಒಂದೂವರೆ ಸುತ್ತು ಬಿಚ್ಚಿ ಆರಂಭಿಸಿದ್ದೆ; ಪ್ರೊಪೆಲ್ಲರಿನ ಹಿಂದೆ ನಿಂತು ಎಂಟನೇ ಒಂದು ಸುತ್ತಿನಂತೆ ಮೂರು ಸಲ ಬಿಚ್ಚಿದೆ. ಮೂರನೆಯದಕ್ಕೆ 1,800 ಆರ್‌ಪಿಎಂನಿಂದ ಒಂದೇ ಉಸಿರಿಗೆ ಏರಿತು. ಆಗ ಎಚ್. ಟ್ಯಾಕೋಮೀಟರ್ 7,300 ಮುಟ್ಟಿದ ಮೇಲೆ ತುಸು ಬಿಚ್ಚಿ 7,100ಕ್ಕೆ ಇಳಿಸಿದೆ, ಏಕೆಂದರೆ ಹಾರುವಾಗ ಪ್ರೊಪೆಲ್ಲರಿನ ಹೊರೆ ತಗ್ಗಿ ಆರ್‌ಪಿಎಂ ಏರುತ್ತದೆ, ಮಿಶ್ರಣ ತೆಳುವಾಗುತ್ತದೆ, ಅಂದರೆ ಇಂಧನ ಸಾಲದಾಗುತ್ತದೆ. ಪುಣೆ ಇರುವುದು ಸುಮಾರು 560 ಮೀಟರ್ ಎತ್ತರದಲ್ಲಿ. ಇದೇ ವಿಮಾನವನ್ನು ಗೋವಾದ ಕಡಲ ದಂಡೆಗೆ ಒಯ್ದರೆ ಅಲ್ಲಿನ ದಟ್ಟ ಗಾಳಿಗೆ ಸ್ಕ್ರೂಗಳನ್ನು ಮತ್ತೆ ಬಿಚ್ಚಬೇಕಾಗುತ್ತದೆ.

ಎರಡು ಟ್ಯಾಂಕ್ ನೆಲದಲ್ಲೇ ಓಡಿಸಿದೆ. ಎಂಜಿನ್ ಓಡುತ್ತಿರುವಾಗಲೇ ರೇಡಿಯೋ ರೇಂಜ್ ನೋಡಿದೆವು. ಪುಣೆಯ ಲೋಹಗಾಂವ್ ವಾಯುಪಡೆಯ ನೆಲೆಯಾದ್ದರಿಂದ, ಡ್ರೋನ್ ನಕ್ಷೆಯಲ್ಲಿ ಬಯಲು ಹಾರಿಸಬಹುದಾದ ಹಸಿರು ವಲಯದಲ್ಲಿದೆಯೆಂದು ಮತ್ತೊಮ್ಮೆ ಖಾತ್ರಿ ಮಾಡಿಕೊಂಡು ಹಾರಿಸಿದೆ. ಏಳು ನಿಮಿಷ, ಎಲ್ಲೂ ಕೆಮ್ಮಲಿಲ್ಲ.

ಇಳಿಸಿದ ಮೇಲೆ ಕಾಕಾ ಮಫ್ಲರನ್ನು ಬಟ್ಟೆಯಲ್ಲಿ ಹಿಡಿದು ಅಲ್ಲಾಡಿಸಿದರು. ಒಂದು ಬೋಲ್ಟ್ ಅರ್ಧ ಸುತ್ತು ಸಡಿಲ. ಆ ರಾತ್ರಿ ಎರಡನ್ನೂ ತೆಗೆದು, ಬೋಲ್ಟ್ ಸಡಿಲವಾಗದಂತೆ ಹಿಡಿಯುವ, ಬಿಸಿ ತಾಳುವ ಥ್ರೆಡ್‌ಲಾಕ್ ಅಂಟು ಹಚ್ಚಿ ಬಿಗಿದು, ತಲೆಗಳ ಮೇಲೆ ಬಿಳಿ ಪೇಂಟಿನ ಗೆರೆ ಎಳೆದಿಟ್ಟೆ. ಈಗ ಪ್ರತಿ ಹಾರಾಟಕ್ಕೂ ಮೊದಲು ನೋಡುವುದು ಆ ಎರಡು ಗೆರೆಗಳನ್ನು.