ನಿಶ್ಚಿತಾರ್ಥ ಆಯ್ತು, ಮದುವೆ ತಯಾರಿ ಎಲ್ಲಿಂದ ಶುರು? ನಾವು ಮಾಡಿದ್ದು ಹೀಗೆ

ನಿಶ್ಚಿತಾರ್ಥ ಮುಗಿಸಿಕೊಂಡು ಈಗೇನು ಮಾಡೋದು ಅಂತ ಕೇಳುವವರಿಗೆ ನಾನು ಹೇಳೋದು ಒಂದೇ ಮಾತು. ಮೊದಲು ಜನ ಎಷ್ಟು ಅಂತ ಎಣಿಸಿ. ಅಲ್ಲಿವರೆಗೆ ಹಾಲ್ ನೋಡೋಕೆ ಹೋಗಬೇಡಿ, ಫೋಟೋಗ್ರಾಫರ್‌ಗೆ ಫೋನ್ ಮಾಡಬೇಡಿ, ಬಟ್ಟೆ ಅಂಗಡಿ ಕಡೆ ತಲೆ ಹಾಕಬೇಡಿ. ಜಾಗ ಎಷ್ಟು ದೊಡ್ಡದಿರಬೇಕು, ಊಟ ಎಷ್ಟು ಜನಕ್ಕೆ, ಕರೆಯೋಲೆ ಎಷ್ಟು ಅಚ್ಚು ಹಾಕಿಸಬೇಕು, ದೂರದಿಂದ ಬಂದವರನ್ನು ಎಲ್ಲಿ ಉಳಿಸಬೇಕು, ಇದೆಲ್ಲ ನಿಂತಿರೋದು ಆ ಒಂದು ಸಂಖ್ಯೆಯ ಮೇಲೆ. ಅದು ಕೈಯಲ್ಲಿಲ್ಲದೆ ಯಾರ ಹತ್ತಿರ ಹೋದರೂ ಅವರು ಮೊದಲು ಕೇಳೋದೇ "ಎಷ್ಟು ಜನ?" ಅಂತ. ನೀವು ಅಂದಾಜು ಹೇಳಿದರೆ ಅವರು ಹೇಳೋ ರೇಟೂ ಅಂದಾಜೇ.

ಎಣಿಕೆಗೆ ಕೂರುವ ಮುಂಚೆ ನಾವಿಬ್ಬರೇ ಒಂದು ಸಂಜೆ ಮಾತಾಡಿದೆವು. ಮನೆಯವರು ಯಾರೂ ಇರಲಿಲ್ಲ, ಫೋನ್ ಪಕ್ಕಕ್ಕಿಟ್ಟಿದ್ದೆವು. ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ, ಒಬ್ಬರದ್ದು ಇನ್ನೊಬ್ಬರು ನೋಡದೆ, ಮದುವೆಯಲ್ಲಿ ಏನು ಇರಲೇಬೇಕು, ಏನು ಬೇಡವೇ ಬೇಡ ಅಂತ ಬರೆದೆವು. ಆಮೇಲೆ ಹಾಳೆ ಬದಲಾಯಿಸಿಕೊಂಡು ಓದಿದೆವು. ಅಜ್ಜಿ ಮುಂದಿನ ಸಾಲಿನಲ್ಲಿ ಕೂತು ಎಲ್ಲ ನೋಡಬೇಕು, ಅವರಿಗೆ ಕೇಳಿಸಬೇಕು ಅಂತ ನಾನು ಬರೆದಿದ್ದೆ. ಬಂದವರ ಜೊತೆ ನಿಂತು ಮಾತಾಡೋಕೆ ಸಮಯ ಸಿಗಬೇಕು, ಸುಮ್ನೆ ವೇದಿಕೆ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳೋದರಲ್ಲೇ ದಿನ ಕಳೀಬಾರದು ಅಂತ ನನ್ನ ಸಂಗಾತಿ ಬರೆದಿದ್ದರು. ಕಿವಿಗಡಚಿಕ್ಕುವ ಸೌಂಡ್ ಬೇಡ ಅನ್ನೋದು ಇಬ್ಬರ ಹಾಳೆಯಲ್ಲೂ ಇತ್ತು. ಮುಂದೆ ಯಾವುದಾದರೂ ವಿಷಯಕ್ಕೆ ತಲೆ ಕೆಟ್ಟಾಗೆಲ್ಲ ಈ ಹಾಳೆಗಳನ್ನು ತೆಗೆದು ನೋಡುತ್ತಿದ್ದೆವು. ಇದು ಇಬ್ಬರಿಗೂ ಬೇಕಾದದ್ದಾ, ಇಲ್ಲ ಯಾರೋ ಹೇಳಿದ್ದಕ್ಕೆ ಸೇರಿಕೊಂಡದ್ದಾ ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಈಗ ಎಣಿಕೆ. ಇದಕ್ಕೆ ಸಮಯ ಕೊಡಿ, ಅವಸರ ಬೇಡ. ನಾವು ಕಂಪ್ಯೂಟರಿನಲ್ಲಿ ಒಂದು ಶೀಟ್ ಮಾಡಿ ಎರಡೂ ಮನೆಯವರಿಗೂ ಕೊಟ್ಟೆವು. ಒಂದು ಸಾಲಿಗೆ ಒಬ್ಬ ಮನುಷ್ಯ, ಇದು ತುಂಬಾ ಮುಖ್ಯ. ಎಷ್ಟೋ ಜನ ಮನೆ ಲೆಕ್ಕ ಹಾಕುತ್ತಾರೆ. ಒಂದು ಮನೆಗೆ ಒಂದು ಕರೆಯೋಲೆ ಸಾಕು ನಿಜ, ಆದರೆ ಆ ಮನೆಯಿಂದ ಬರೋದು ಇಬ್ಬರೂ ಇರಬಹುದು, ಆರು ಜನವೂ ಇರಬಹುದು. ಕುರ್ಚಿ ಬೇಕಾಗೋದು ತಲೆಗೆ, ಮನೆಗಲ್ಲ. ಮಕ್ಕಳನ್ನೂ ಬರೆಯಿರಿ. ಆ ದಿನ ಕೆಲಸ ಮಾಡೋಕೆ ಬರುವ ಫೋಟೋದವರು, ವಾದ್ಯದವರು, ಗಾಡಿ ಓಡಿಸುವವರು, ಇವರನ್ನೂ ಬೇರೆ ಗುಂಪು ಮಾಡಿ ಸೇರಿಸಿ. ಬೆಳಗಿನಿಂದ ದುಡಿಯುವವರಿಗೆ ಊಟ ಇಲ್ಲ ಅಂತ ಆಗಬಾರದು ಅಲ್ವಾ?

ಪ್ರತಿ ಹೆಸರಿನ ಎದುರು ಒಂದು ಗುರುತು ಹಾಕಿದೆವು. ಇವರಿಲ್ಲದೆ ಮದುವೆಯೇ ಇಲ್ಲ ಅನ್ನುವವರು ಮೊದಲನೇ ಗುಂಪು. ಬಂದರೆ ನಿಜವಾಗಿ ಖುಷಿ ಆಗುತ್ತೆ ಅನ್ನುವವರು ಎರಡನೇ ಗುಂಪು. ಕರೀದಿದ್ದರೆ ಏನಂದುಕೊಳ್ಳುತ್ತಾರೋ ಅನ್ನೋ ಕಾರಣಕ್ಕೆ ಮಾತ್ರ ಬಂದ ಹೆಸರುಗಳು ಮೂರನೇದು. ನಿಜವಾದ ಮಾತುಕತೆ ನಡೆಯೋದು ಮೂರನೇ ಗುಂಪಿನ ಬಗ್ಗೆ. ನಾವು ಹೆಸರು ಹಿಡಿದು ವಾದ ಮಾಡಲಿಲ್ಲ. ಒಬ್ಬರ ಹೆಸರು ತೆಗೀರಿ ಅಂದರೆ ಅಪ್ಪನಿಗೋ ಅತ್ತೆಗೋ ನೋವಾಗುತ್ತೆ, ಅವರ ಸ್ನೇಹಕ್ಕೇ ಬೆಲೆ ಇಲ್ಲ ಅಂದ ಹಾಗಾಗುತ್ತೆ. ಅದರ ಬದಲು ಎಲ್ಲರಿಗೂ ಒಂದೇ ನಿಯಮ ಇಟ್ಟೆವು: ಕಳೆದ ಎರಡು ವರ್ಷದಲ್ಲಿ ಮುಖ ನೋಡಿ ಅಥವಾ ಫೋನಿನಲ್ಲಿ ಮಾತಾಡಿದವರು ಇರಲಿ, ಉಳಿದವರಿಗೆ ಮದುವೆ ಆದ ಮೇಲೆ ನಾವೇ ಹೋಗಿ ನಮಸ್ಕಾರ ಮಾಡಿ ಬರೋಣ. ನಿಯಮ ಎರಡೂ ಕಡೆಗೆ ಸಮ ಅಂತ ಗೊತ್ತಾದ ಮೇಲೆ ಹಿರಿಯರೇ ಕೂತು ಹೆಸರು ಕಡಿಮೆ ಮಾಡಿದರು. ಅಪ್ಪ ಕನ್ನಡಕ ಹಾಕಿಕೊಂಡು, ಒಂದೊಂದೇ ಹೆಸರು ಜೋರಾಗಿ ಓದಿ, ಕೆಲವಕ್ಕೆ ತಲೆ ಅಲ್ಲಾಡಿಸಿ, ಕೆಲವು ಕಡೆ ನಿಂತು ಆ ಗೆಳೆಯನ ಕಥೆ ಪೂರ್ತಿ ಹೇಳಿ ಆಮೇಲೆ "ಇವನು ಇರಲಿ" ಅನ್ನುತ್ತಿದ್ದರು. ಯಾರನ್ನು ಯಾಕೆ ಕರೆಯುತ್ತಿದ್ದೇವೆ ಅಂತ ನನಗೆ ಸರಿಯಾಗಿ ತಿಳಿದದ್ದು ಆವಾಗಲೇ.

ಸಂಖ್ಯೆ ಸಿಕ್ಕಿತು, ಇನ್ನು ದುಡ್ಡು. ಯಾರು ಎಷ್ಟು ಕೊಡುತ್ತಾರೆ ಅಂತ ನೇರವಾಗಿ ಕೇಳೋದು ಕಷ್ಟ, ಆದರೂ ಕೇಳಲೇಬೇಕು. ನಾವು ಮೊದಲು ನಮ್ಮಿಬ್ಬರ ಉಳಿತಾಯದಲ್ಲಿ ಎಷ್ಟು ತೆಗೆಯಬಹುದು ಅಂತ ನಿರ್ಧರಿಸಿಕೊಂಡು, ಆಮೇಲೆ ಎರಡೂ ಮನೆಯವರ ಹತ್ತಿರ ಬೇರೆ ಬೇರೆಯಾಗಿ ಮಾತಾಡಿದೆವು. "ನಾವು ಇಷ್ಟು ಇಟ್ಟಿದ್ದೇವೆ, ನಿಮಗೆ ಕೊಡಬೇಕು ಅನ್ನಿಸಿದರೆ ನಿಮಗೆ ಭಾರ ಆಗದಷ್ಟು ಹೇಳಿ, ಆಗಲ್ಲ ಅಂದರೂ ಪರವಾಗಿಲ್ಲ" ಅಂತ. ಜೊತೆಗೆ ಇನ್ನೊಂದು ವಿಷಯ ಕೇಳಿದೆವು: ಈ ದುಡ್ಡು ಯಾವುದಾದರೂ ಒಂದಕ್ಕೆ ಅಂತ ಮೀಸಲಾ, ಇಲ್ಲ ಒಟ್ಟು ಖರ್ಚಿಗಾ? ಊಟದ ಖರ್ಚು ನಮ್ಮದು ಅಂದವರಿಗೆ ಊಟದ ವಿಷಯದಲ್ಲಿ ಮಾತಾಡುವ ಆಸೆ ಇರುತ್ತೆ, ಅದು ಸಹಜ. ಮೊದಲೇ ಗೊತ್ತಿದ್ದರೆ ಆಮೇಲೆ ಮನಸ್ತಾಪ ಇರಲ್ಲ. ಸಾಲ ಮಾಡಬಾರದು ಅಂತ ಇಬ್ಬರೂ ಮೊದಲೇ ತೀರ್ಮಾನ ಮಾಡಿದ್ದೆವು. ಹಾಸಿಗೆ ಇದ್ದಷ್ಟೇ ಕಾಲು ಚಾಚಿದೆವು.

ಬಂದ ಮೊತ್ತದಲ್ಲಿ 10 ಪರ್ಸೆಂಟ್ ಪಕ್ಕಕ್ಕೆ ತೆಗೆದಿಟ್ಟೆವು, ಕೊನೇ ಗಳಿಗೆಯ ಖರ್ಚಿಗೆ. ಉಳಿದದ್ದನ್ನು ಎರಡು ಭಾಗ ಮಾಡಿದೆವು. ಊಟ, ಕುರ್ಚಿ, ಕರೆಯೋಲೆ, ಉಳಿಯೋ ವ್ಯವಸ್ಥೆ ಇವೆಲ್ಲ ಜನ ಹೆಚ್ಚಾದ ಹಾಗೆ ಹೆಚ್ಚಾಗುತ್ತವೆ. ಫೋಟೋ, ಸಂಗೀತ, ವೇದಿಕೆ ಅಲಂಕಾರ, ನಮ್ಮ ಬಟ್ಟೆ ಇವು ನೂರು ಜನ ಬಂದರೂ ಅಷ್ಟೇ, ಮುನ್ನೂರು ಜನ ಬಂದರೂ ಹೆಚ್ಚುಕಮ್ಮಿ ಅಷ್ಟೇ. ದುಡ್ಡು ಸಾಲದು ಅನ್ನಿಸಿದರೆ ಎಷ್ಟೋ ಜನ ಮೊದಲು ಹೂವು ಕಡಿಮೆ ಮಾಡೋಣ, ಲೈಟು ಕಡಿಮೆ ಮಾಡೋಣ ಅಂತ ಶುರು ಮಾಡುತ್ತಾರೆ. ಅದರಿಂದ ಉಳಿಯೋದು ಚೂರುಪಾರು. ಪಟ್ಟಿಯಲ್ಲಿ ಮೂವತ್ತು ಹೆಸರು ಕಡಿಮೆಯಾದರೆ ಮೊದಲ ಭಾಗದ ಪ್ರತಿಯೊಂದರಲ್ಲೂ ಮೂವತ್ತು ಜನರದ್ದು ಉಳಿಯುತ್ತೆ.

ದಿನಾಂಕದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒಂದೇ ದಿನಕ್ಕೆ ಅಂಟಿಕೊಳ್ಳದೆ ಮೂರು ನಾಲ್ಕು ದಿನ ಆರಿಸಿಕೊಂಡು ಹೋಗಿ, ಆಗ ಜಾಗ ಸಿಗೋದೂ ಸುಲಭ, ರೇಟ್ ಮಾತಾಡೋದೂ ಸುಲಭ. ಆದರೆ ಮೊದಲನೇ ಗುಂಪಿನವರಿಗೆ ಆ ದಿನಗಳು ಆಗುತ್ತವಾ ಅಂತ ಕೇಳಿ. ಪರೀಕ್ಷೆ, ಹೆರಿಗೆ, ಆಪರೇಷನ್ ಇಂಥವು ನಮ್ಮ ಕ್ಯಾಲೆಂಡರಿನಲ್ಲಿ ಇರಲ್ಲ, ಅವರ ಕ್ಯಾಲೆಂಡರಿನಲ್ಲಿ ಇರುತ್ತವೆ.

ಹಾಲ್ ನೋಡೋಕೆ ಹೊರಟದ್ದು ಇಷ್ಟೆಲ್ಲ ಆದ ಮೇಲೆ. ಒಂದು ಲೆಕ್ಕ ತಲೆಯಲ್ಲಿಟ್ಟುಕೊಂಡಿದ್ದೆವು. ಬರೀ ಕುರ್ಚಿ ಸಾಲು ಹಾಕಿದರೆ ಒಬ್ಬರಿಗೆ ಸುಮಾರು 6ರಿಂದ 8 ಚದರ ಅಡಿ ಬೇಕು, ಮೇಜು ಹಾಕಿ ಕೂರಿಸಿದರೆ 10ರಿಂದ 12. ಐದು ಅಡಿ ಅಗಲದ ದುಂಡು ಮೇಜಿಗೆ ಎಂಟು ಜನ ಆರಾಮಾಗಿ ಕೂರಬಹುದು. 200 ಜನ ಮೇಜಿನ ಸುತ್ತ ಕೂರಬೇಕಾದರೆ ಅದಕ್ಕೇ 2,400 ಚದರ ಅಡಿ ಹಿಡಿಯಿರಿ, ವೇದಿಕೆ, ಓಡಾಟದ ಜಾಗ ಬೇರೆ. ಒಂದು ಕಡೆ ಮ್ಯಾನೇಜರ್ "ಇಲ್ಲಿ ಆರಾಮಾಗಿ ಅಷ್ಟು ಜನ ಹಿಡೀತಾರೆ" ಅಂದರು. ಕೂತರಾ ನಿಂತರಾ ಅಂತ ಕೇಳಿದೆವು. ನಿಂತರೆ ಅಂದರು. ಅಲ್ಲಿಗೆ ಆ ಜಾಗದ ಮಾತು ಮುಗಿಯಿತು.

ನೋಡೋಕೆ ಹೋಗೋದಾದರೆ ಮದುವೆ ನಡೆಯುವ ಹೊತ್ತಿನಲ್ಲೇ ಹೋಗಿ. ಬೆಳಗ್ಗೆ ತಂಪಾಗಿರೋ ಹಾಲ್ ಮಧ್ಯಾಹ್ನ ಕಾದ ಹೆಂಚಾಗಬಹುದು, ಸಂಜೆ ಪಕ್ಕದ ರಸ್ತೆಯ ಗದ್ದಲದಲ್ಲಿ ಮಾತೇ ಕೇಳಿಸದೆ ಹೋಗಬಹುದು. ನಾವು ಗಾಡಿ ನಿಲ್ಲಿಸೋ ಜಾಗದಿಂದ ವೇದಿಕೆವರೆಗೆ ಅಜ್ಜಿ ನಡೆಯೋ ವೇಗದಲ್ಲಿ ನಡೆದು ನೋಡಿದೆವು. ಎಷ್ಟು ಮೆಟ್ಟಿಲು, ಹಿಡ್ಕೊಳ್ಳೋಕೆ ಕಂಬಿ ಇದೆಯಾ, ಮಧ್ಯೆ ಕೂರೋಕೆ ಜಾಗ ಇದೆಯಾ, ಟಾಯ್ಲೆಟ್ ಅದೇ ಮಹಡಿಯಲ್ಲಿದೆಯಾ. ವೀಲ್‌ಚೇರ್ ಇಳಿಜಾರು ಇದೆ ಅಂದರೆ ಕಣ್ಣಾರೆ ನೋಡಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು ಅನ್ನೋದು ಸಾಮಾನ್ಯ ಅಳತೆ. ಹಲಗೆ ಹಾಕಿ ಕಡಿದಾಗಿ ಇಳಿಸಿದ್ದರೆ ತಳ್ಳುವವರಿಗೂ ಕಷ್ಟ, ಕೂತವರಿಗೂ ಭಯ.

ಜಾಗ ಇಷ್ಟವಾದರೂ ಅಲ್ಲೇ ಮುಂಗಡ ಕೊಡಬೇಡಿ. ಕರಾರಿನ ಕಾಗದ ಮನೆಗೆ ತಂದು ಓದಿ. ಬಾಡಿಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಅಲಂಕಾರದವರು ಯಾವಾಗ ಒಳಗೆ ಬರಬಹುದು, ಸಮಯ ಮೀರಿದರೆ ಗಂಟೆಗೆ ಎಷ್ಟು, ತೆರಿಗೆ ಸೇರಿದೆಯಾ, ಕರೆಂಟ್ ಹೋದರೆ ಜನರೇಟರ್ ಯಾರದ್ದು, ಹೊರಗಿನ ಅಡುಗೆಯವರನ್ನು ಬಿಡುತ್ತಾರಾ, ದಿನ ಮುಂದೂಡಿದರೆ ಮುಂಗಡ ಏನಾಗುತ್ತೆ, ಅವರ ಕಡೆಯಿಂದಲೇ ರದ್ದಾದರೆ ಏನು ಕೊಡುತ್ತಾರೆ. ಬಾಯಲ್ಲಿ ಒಪ್ಪಿಕೊಂಡದ್ದೆಲ್ಲ ಅವತ್ತೇ ಮೆಸೇಜ್‌ನಲ್ಲಿ ಬರೆದು ಕಳಿಸಿ "ಸರಿ" ಅಂತ ಉತ್ತರ ತರಿಸಿಕೊಂಡೆವು.

ಜಾಗ ಆದ ಮೇಲೆ ಫೋಟೋಗ್ರಾಫರ್ ಮತ್ತು ಮದುವೆ ನಡೆಸಿಕೊಡುವವರನ್ನು ಹಿಡಿದೆವು, ಯಾಕೆಂದರೆ ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಇರೋಕೆ ಆಗಲ್ಲ. ಅಡುಗೆಯವರ ಹತ್ತಿರ ಬೇರೆ ತಂಡ ಇರಬಹುದು, ಹೂವಿನವರಿಗೂ ಹಾಗೇ. ಅವು ಸ್ವಲ್ಪ ಕಾಯಬಹುದು. ಮುಂಗಡ ಕೊಟ್ಟ ರಸೀದಿ ಕೈಗೆ ಬಂದ ಮೇಲೆ ದೂರದಲ್ಲಿರುವವರಿಗೆ ದಿನ ತಿಳಿಸಿದೆವು, ಅವರು ರಜೆ ಹಾಕಿ ಟಿಕೆಟ್ ತೆಗೆಯಬೇಕಲ್ಲ.

ಇದರ ಜೊತೆಜೊತೆಗೇ ಮಾಡಬೇಕಾದ್ದು ಕಾಗದಪತ್ರದ ಕೆಲಸ. ಇದನ್ನು ಕೊನೆಗೆ ಬಿಡೋರೇ ಜಾಸ್ತಿ. ಎಷ್ಟೋ ದೇಶಗಳಲ್ಲಿ ನಾವು ಮದುವೆ ಆಗುತ್ತೇವೆ ಅಂತ ಸರ್ಕಾರಿ ಕಚೇರಿಗೆ ಮುಂಚಿತವಾಗಿ ನೋಟಿಸ್ ಕೊಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನೋಟಿಸ್ ಕೊಟ್ಟು 28 ದಿನ ಕಾಯಬೇಕು. ಭಾರತದಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಡಿ (ಜಾತಿ, ಧರ್ಮ ಯಾವುದೇ ಇದ್ದರೂ ಮದುವೆ ಆಗೋಕೆ ಇರುವ ಕಾನೂನು) ಆಗೋದಾದರೆ, ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು, ನೋಟಿಸ್ ಪ್ರಕಟವಾಗಿ 30 ದಿನ ಕಳೆಯಬೇಕು, ಮೂವರು ಸಾಕ್ಷಿಗಳು ಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಹೊಸದಾಗಿ ನೋಟಿಸ್ ಕೊಡಬೇಕು. ನಿಮ್ಮಲ್ಲಿ ಏನು ನಿಯಮ ಅಂತ ಸಂಬಂಧಪಟ್ಟ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ. ನಾವು ಇಬ್ಬರ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವಿಳಾಸದ ದಾಖಲೆ ಎಲ್ಲ ಮೇಜಿನ ಮೇಲೆ ಹರಡಿಕೊಂಡು ಹೆಸರು ಅಕ್ಷರ ಅಕ್ಷರ ತಾಳೆ ನೋಡಿದೆವು. ಒಂದರಲ್ಲಿ ಪೂರ್ತಿ ಹೆಸರು, ಇನ್ನೊಂದರಲ್ಲಿ ಇನಿಷಿಯಲ್ ಹೀಗೆ ಇರುತ್ತೆ, ಸರಿ ಮಾಡಿಸೋಕೆ ವಾರಗಟ್ಟಲೆ ಹಿಡಿಯಬಹುದು. ಮದುವೆ ಆದ ಮೇಲೆ ಹೆಸರು ಬದಲಾಯಿಸೋ ಯೋಚನೆ ಇದ್ದರೂ, ಮದುವೆ ಮುಗಿದ ಕೂಡಲೇ ಹೊರದೇಶಕ್ಕೆ ಹೋಗೋದಾದರೆ ಟಿಕೆಟ್ ಮಾತ್ರ ಈಗ ಪಾಸ್‌ಪೋರ್ಟ್‌ನಲ್ಲಿರುವ ಹೆಸರಿನಲ್ಲೇ ತೆಗೆಯಿರಿ.