ಬೇರೆ ಬೇರೆ ಬಿಲ್ಡ್, ಒಂದೇ ಲೈಬ್ರರಿ: ಹಂಚಿಕೊಳ್ಳುವುದು ಹೇಗೆ?

ಒಂದೇ ಜಾಲತಾಣವನ್ನು ಹಲವು ತಂಡಗಳು ಕಟ್ಟುವಾಗ ಪ್ರತಿ ತಂಡವೂ ತನ್ನ ಆ್ಯಪ್ ಅನ್ನು ಪ್ರತ್ಯೇಕವಾಗಿ ಬಿಲ್ಡ್ ಮಾಡುವುದುಂಟು, ಅಂದರೆ ಬರೆದ ಕೋಡ್ ಅನ್ನು ಬ್ರೌಸರ್‌ಗೆ ಕಳುಹಿಸುವ ರೂಪಕ್ಕೆ ತರುವುದುಂಟು. ಪ್ರತಿಯೊಂದೂ ಪರದೆಯ ನೋಟ ಕಟ್ಟುವ ಸಿದ್ಧ ಕೋಡ್‌ನ ಸಂಗ್ರಹವಾದ (ಲೈಬ್ರರಿ) ರಿಯಾಕ್ಟ್‌ನ ತನ್ನದೇ ಪ್ರತಿಯನ್ನು ಹೊತ್ತು ತಂದರೆ ಪುಟದ ತೂಕ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದು ಪ್ರತಿ ಚಿತ್ರಿಸುತ್ತಿರುವ ಕಾಂಪೊನೆಂಟ್ (ಪರದೆಯ ಒಂದು ಭಾಗ) ಇನ್ನೊಂದು ಪ್ರತಿಯ ಹುಕ್ (ರಿಯಾಕ್ಟ್‌ನ ಸೌಲಭ್ಯಗಳನ್ನು ಬಳಸಿಕೊಳ್ಳುವ ಫಂಕ್ಷನ್) ಅನ್ನು ಕರೆದರೆ ದೋಷ ಉಂಟಾಗಿ ಕೆಲಸವೇ ನಿಂತುಬಿಡುತ್ತದೆ. ಬಿಲ್ಡ್ ಮಾಡುವ ಸಾಧನವಾದ ವೆಬ್‌ಪ್ಯಾಕ್‌ನ 2020ರಲ್ಲಿ ಬಂದ 5ನೇ ಆವೃತ್ತಿಯಲ್ಲಿರುವ ಮಾಡ್ಯೂಲ್ ಫೆಡರೇಶನ್, ಅಂದರೆ ಬೇರೆ ಬೇರೆ ಬಿಲ್ಡ್‌ಗಳು ಪುಟ ಓಡುವಾಗ ಕೋಡ್ ಹಂಚಿಕೊಳ್ಳುವ ವ್ಯವಸ್ಥೆ, ಇದಕ್ಕೆ ದಾರಿ ತೋರಿಸುತ್ತದೆ.

ಮೊದಲು, ಯಾವುದನ್ನು ಹಂಚಿಕೊಳ್ಳಬೇಕೆಂದು ನಿರ್ಧರಿಸಿ. ಎಲ್ಲವನ್ನೂ ಹಂಚುವ ಆಸೆ ಸಹಜವಾದರೂ ಅದು ಸರಿಯಲ್ಲ. ಹಂಚಿಕೆಯ ಲೈಬ್ರರಿಯ ಯಾವ ಭಾಗ ಯಾರಿಗೆ ಬೇಕಾದೀತೆಂದು ಬಿಲ್ಡ್ ಹಂತದಲ್ಲಿ ತಿಳಿಯದ ಕಾರಣ, ಬಳಸದ ಕೋಡ್ ಅನ್ನು ಕತ್ತರಿಸಿಹಾಕುವ ಅನುಕೂಲ ಬಹುಮಟ್ಟಿಗೆ ಕೈತಪ್ಪುತ್ತದೆ. ರಿಯಾಕ್ಟ್, ಅದನ್ನು ಬ್ರೌಸರ್ ಪುಟಕ್ಕೆ ಜೋಡಿಸುವ ರಿಯಾಕ್ಟ್ ಡಾಮ್, ವಿಳಾಸಕ್ಕೆ ತಕ್ಕ ಪುಟ ತೋರಿಸುವ ರೌಟರ್ ಮುಂತಾಗಿ ತಮ್ಮೊಳಗೆ ಸ್ಥಿತಿಯನ್ನು (ಆ ಹೊತ್ತಿನ ಮಾಹಿತಿಯನ್ನು) ಇಟ್ಟುಕೊಳ್ಳುವ ಲೈಬ್ರರಿಗಳಿಂದ ಆರಂಭಿಸುವುದು ಒಳ್ಳೆಯದು.

ನಂತರ ಪ್ರತಿ ಆ್ಯಪ್‌ನ ಕಾನ್ಫಿಗರೇಶನ್‌ನಲ್ಲಿ ಅವುಗಳನ್ನು ‘ಶೇರ್ಡ್’ ವಿಭಾಗಕ್ಕೆ ಸೇರಿಸಿ, ‘ರಿಕ್ವೈರ್ಡ್ ವರ್ಶನ್’ ಆಯ್ಕೆಯಲ್ಲಿ ತನಗೆ ಒಗ್ಗುವ ಆವೃತ್ತಿಗಳ ವ್ಯಾಪ್ತಿಯನ್ನು ತಿಳಿಸಿ. ಪುಟ ತೆರೆದಾಗ ಆ್ಯಪ್‌ಗಳು ತಮ್ಮಲ್ಲಿರುವ ಆವೃತ್ತಿಗಳನ್ನು ಒಂದು ಸಾಮಾನ್ಯ ಪಟ್ಟಿಯಲ್ಲಿ ನೋಂದಾಯಿಸುತ್ತವೆ; ತನಗೆ ಒಗ್ಗುವ ಆವೃತ್ತಿ ಅಲ್ಲಿ ಸಿಗದ ಆ್ಯಪ್ ತನ್ನದೇ ಪ್ರತಿಯನ್ನು ತರಿಸಿಕೊಳ್ಳುತ್ತದೆ. ರಿಯಾಕ್ಟ್‌ನಂತಹವುಗಳ ವಿಷಯದಲ್ಲಿ ಈ ಸಡಿಲಿಕೆಯೇ ಅಪಾಯವಾದ್ದರಿಂದ ‘ಸಿಂಗಲ್‌ಟನ್’ (ಒಂದೇ ಪ್ರತಿ ಇರಬೇಕಾದದ್ದು) ಎಂದು ಗುರುತಿಸಬೇಕು. ಆಗ ನೋಂದಾಯಿತ ಆವೃತ್ತಿಗಳಲ್ಲಿ ಅತ್ಯಂತ ಮೇಲಿನದೊಂದೇ ಎಲ್ಲರಿಗೂ ಸಿಗುತ್ತದೆ. ಅದು ಯಾವುದಾದರೂ ಆ್ಯಪ್‌ಗೆ ಒಗ್ಗದಿದ್ದರೂ ಸಾಮಾನ್ಯವಾಗಿ ಕನ್ಸೋಲ್‌ನಲ್ಲಿ ಎಚ್ಚರಿಕೆಯಷ್ಟೇ ಕಾಣಿಸುತ್ತದೆ. ಆ ಎಚ್ಚರಿಕೆಯನ್ನು ದಯವಿಟ್ಟು ಕಡೆಗಣಿಸಬೇಡಿ. ‘ಸ್ಟ್ರಿಕ್ಟ್ ವರ್ಶನ್’ ಹಾಕಿದರೆ ಅದೇ ಜಾಗದಲ್ಲಿ ದೋಷ ಎದ್ದು, ಸಮಸ್ಯೆ ಪರೀಕ್ಷೆಯ ಹಂತದಲ್ಲೇ ಬಯಲಾಗುತ್ತದೆ.

ಯಾವ ಆವೃತ್ತಿ ಬಳಸಬೇಕೆಂಬ ಈ ನಿರ್ಧಾರ ಮುಗಿಯುವ ಮೊದಲೇ ಆ್ಯಪ್ ಓಡತೊಡಗಬಾರದು. ಆದ್ದರಿಂದ ಆರಂಭಿಕ ಕೋಡ್ ಅನ್ನು ‘ಬೂಟ್‌ಸ್ಟ್ರ್ಯಾಪ್’ ಎಂಬ ಬೇರೆ ಫೈಲ್‌ಗೆ ಸಾಗಿಸಿ, ಮುಖ್ಯ ಫೈಲ್‌ನಲ್ಲಿ ಅದನ್ನು ಡೈನಾಮಿಕ್ ಇಂಪೋರ್ಟ್ (ಓಡುವಾಗಲೇ ಫೈಲ್ ತರಿಸಿಕೊಳ್ಳುವ ವಿಧಾನ) ಮೂಲಕ ಕರೆಯಿರಿ. ‘ಈಗರ್’ ಆಯ್ಕೆಯಿಂದಲೂ ಇದನ್ನು ದಾಟಬಹುದು, ಆದರೆ ಲೈಬ್ರರಿ ಆರಂಭದ ಬಂಡಲ್‌ಗೇ (ಮೊದಲು ಇಳಿಯುವ ಕೋಡ್ ಫೈಲ್‌ಗೇ) ಸೇರಿ ಗಾತ್ರ ಹೆಚ್ಚುತ್ತದೆ.

ಕೊನೆಯಲ್ಲಿ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು ಲೈಬ್ರರಿ ಒಮ್ಮೆ ಮಾತ್ರ ಇಳಿಯುತ್ತಿದೆಯೇ ಎಂದು ನೋಡಿ. ಆಮೇಲೆ ಒಂದೇ ಆ್ಯಪ್‌ನಲ್ಲಿ ಆವೃತ್ತಿಯನ್ನು ಏರಿಸಿ, ಉಳಿದವುಗಳನ್ನು ಮುಟ್ಟದೆ ಎಲ್ಲವನ್ನೂ ಒಟ್ಟಿಗೆ ಓಡಿಸಿ ಪರೀಕ್ಷಿಸಿ. ತಂಡಗಳು ತಮ್ಮ ತಮ್ಮ ವೇಳೆಗೆ ಬಿಡುಗಡೆ ಮಾಡುವಾಗ ಬಳಕೆದಾರರ ಮುಂದೆ ಬರುವುದು ಇದೇ ಸ್ಥಿತಿ.