ಕಾರಾಗುವ ರೋಬೋಟ್: ಮುರಿಯದೆ ಮಡಚಿ, ಆಮೇಲೆ ವಿಮರ್ಶೆ ಬರೆಯಿರಿ

ರೋಬೋಟನ್ನು ಮಡಚಿ ಕಾರು ಮಾಡುವ ಟ್ರಾನ್ಸ್‌ಫಾರ್ಮರ್ ಗೊಂಬೆ ಗೊತ್ತಲ್ಲ? ಹೊಸದರ ಡಬ್ಬ ತೆರೆದು ಹತ್ತು ನಿಮಿಷ ಆಗಿರುವುದಿಲ್ಲ, ಕಾರಿನ ಬಾಗಿಲು ಕಿತ್ತು ಕೈಗೆ ಬಂದಿರುತ್ತದೆ. ಆಮೇಲೆ ‘ಪ್ಲಾಸ್ಟಿಕ್ ಚೆನ್ನಾಗಿಲ್ಲ’ ಅಂತ ವಿಮರ್ಶೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಪ್ಪು ಹೆಚ್ಚಿನ ಸಲ ಅವಸರದ್ದು. ಇನ್ನು ಕೆಲವರು ರೋಬೋಟ್ ನಿಲ್ಲಿಸಿ ಒಂದು ಫೋಟೊ, ಕಾರು ಮಾಡಿ ಒಂದು ಫೋಟೊ ತೆಗೆದು ಕೈ ತೊಳೆದುಕೊಳ್ಳುತ್ತಾರೆ. ಗೊಂಬೆ ಚೆನ್ನಾಗಿದೆಯೋ ಇಲ್ಲವೋ ಅಂತ ಗೊತ್ತಾಗುವುದು ಮಡಚುವಾಗ. ಅದನ್ನೇ ಬಿಟ್ಟರೆ ಹೇಗೆ?

ಮೊದಲು ಜಾಗ. ಹಾಸಿಗೆ ಮೇಲೆ ಬೇಡ, ಸಣ್ಣ ಭಾಗ ಬಿದ್ದರೆ ಸಿಗುವುದಿಲ್ಲ. ಮೇಜಿನ ಮೇಲೆ ಒಂದು ಬಟ್ಟೆ ಹಾಸಿ, ಒಳ್ಳೆಯ ಬೆಳಕು ಇರಲಿ.

ಸಾಮಾನ್ಯವಾಗಿ ಡಬ್ಬದಲ್ಲಿ ರೋಬೋಟ್ ರೂಪವೇ ಇರುತ್ತದೆ. ಸ್ಕೇಲ್ ಹಿಡಿದು ಎತ್ತರ ಅಳೆಯಿರಿ. ಈ ಗೊಂಬೆಗಳ ಗಾತ್ರಕ್ಕೆ ಹೆಸರುಗಳಿವೆ: ಡಿಲಕ್ಸ್ ಅಂದರೆ ಸುಮಾರು 14 ಸೆಂ.ಮೀ., ವಾಯೇಜರ್ ಅಂದರೆ ಸುಮಾರು 18. ಡಿಲಕ್ಸ್ ಅನ್ನು ಡಿಲಕ್ಸ್ ಜೊತೆಗೇ ಹೋಲಿಸಬೇಕು. ಆಮೇಲೆ ಎರಡು ಕಾಲಿನ ಮೇಲೆ ನಿಲ್ಲಿಸಿ, ಬೆನ್ನು ನೋಡಿ. ಕಾರಿನ ಚಾವಣಿಯೆಲ್ಲ ಬೆನ್ನಿಗೆ ಮೂಟೆಯ ಹಾಗೆ ನೇತಾಡುತ್ತಿದ್ದರೆ ಅದನ್ನು ಬರೆಯಲೇಬೇಕು. ಭುಜ, ಸೊಂಟ ತಿರುಗಿಸುವಾಗ ‘ಕಟ ಕಟ’ ಸದ್ದು ಬಂದರೆ ಗಾಬರಿ ಬೇಡ, ಅದು ಹಲ್ಲಿನ ಕೀಲು, ಒಳಗಿನ ಹಲ್ಲುಗಳು ಒಂದೊಂದಾಗಿ ಜಾರುವ ಸದ್ದು. ಗುಂಡು ಕೀಲಿನ (ಗುಂಡು ತುದಿ ಗುಳಿಯೊಳಗೆ ಕೂರುವ ಕೀಲು) ಕೈ ಬಿಚ್ಚಿಕೊಂಡರೂ ಮುರಿದಿದೆ ಅಂತಲ್ಲ. ನೇರವಾಗಿ ಒತ್ತಿದರೆ ಮತ್ತೆ ಕೂರುತ್ತದೆ.

ಈಗ ನಿಜವಾದ ಕೆಲಸ. ಸೂಚನೆಯ ಹಾಳೆಯನ್ನು ಒಮ್ಮೆ ಪೂರ್ತಿ ನೋಡಿ. ಅದರ ಚಿತ್ರಗಳು ಚಿಕ್ಕವು, ಬಾಣ ಯಾವ ಕಡೆಗೆ ಅಂತ ಕೆಲವು ಸಲ ತಿಳಿಯುವುದೇ ಇಲ್ಲ. ಅದಕ್ಕೇ ಒಂದೊಂದು ಹಂತ ಮುಗಿದ ಹಾಗೆ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ದಾರಿ ತಪ್ಪಿದರೆ ಹಿಂದಕ್ಕೆ ಬರಲು ಬೇಕಾಗುತ್ತದೆ.

ಎದೆ ಬಾನೆಟ್ ಆಗುವುದು, ಬೆನ್ನಿನ ಮೇಲೆ ರೆಕ್ಕೆಯ ಹಾಗಿದ್ದದ್ದು ಬಾಗಿಲಾಗುವುದು, ಕಾಲು ಕಾರಿನ ಹಿಂಭಾಗವಾಗುವುದು: ಇದು ಹಳೆಯ ಲೆಕ್ಕ. ಜಪಾನಿನ ಟಕಾರಾ ಕಂಪನಿ ಡಯಾಕ್ಲೋನ್ ಹೆಸರಿನಲ್ಲಿ ಮಾಡಿದ್ದ ಕಾರು ರೋಬೋಟ್‌ಗಳನ್ನು ಅಮೆರಿಕದ ಹ್ಯಾಸ್ಬ್ರೋ ಕಂಪನಿ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅಂತ ಮಾರಿತು. ಆಗಿನ ಪ್ರೌಲ್, ಬ್ಲೂಸ್ಟ್ರೀಕ್ ಅನ್ನುವ ರೋಬೋಟ್‌ಗಳು ಎರಡೂ ಒಂದೇ ಡಾಟ್ಸನ್ ಕಾರು. ಬಣ್ಣ ಬದಲಿಸಿ ಒಂದನ್ನು ಪೊಲೀಸ್ ಕಾರು ಮಾಡಿದ್ದರು. ಇವತ್ತಿನ ಗೊಂಬೆಗಳಲ್ಲಿ ಮಡಿಕೆ ಜಾಸ್ತಿ ಆಗಿದೆ, ಆದರೆ ಈ ಲೆಕ್ಕ ಮನಸ್ಸಿನಲ್ಲಿದ್ದರೆ ಯಾವ ತುಂಡು ಎಲ್ಲಿಗೆ ಹೋಗಬೇಕು ಅಂತ ಊಹಿಸಬಹುದು.

ಕೈ ಕಾಲು ಮಡಚುವವರೆಗೆ ಎಲ್ಲ ಸಲೀಸು. ಎಲ್ಲರೂ ಸಿಕ್ಕಿಬೀಳುವುದು ಕೊನೆಯಲ್ಲಿ, ಬಾಗಿಲು, ಚಾವಣಿ, ಹಿಂಬದಿ ಎಲ್ಲ ಸೇರಿಸಿ ಮುಚ್ಚುವಾಗ. ಹೆಚ್ಚಿನವರು ಒಂದು ಕಡೆಯ ಗೂಟವನ್ನು ತೂತಿಗೆ ಗಟ್ಟಿಯಾಗಿ ಕೂರಿಸಿ, ಆಮೇಲೆ ಇನ್ನೊಂದು ಕಡೆಗೆ ಹೋಗುತ್ತಾರೆ. ಆಗ ಮೊದಲು ಕೂತಿದ್ದು ಎದ್ದು ಬರುತ್ತದೆ. ಹಾಗೆ ಮಾಡಬೇಡಿ. ಎಲ್ಲ ತುಂಡನ್ನೂ ಸುಮ್ನೆ ಸಡಿಲವಾಗಿ ಅದರದರ ಜಾಗದ ಹತ್ತಿರ ತನ್ನಿ. ಗೂಟಗಳು ತೂತಿನ ಎದುರಿಗೆ ಬಂದಿವೆಯೇ ನೋಡಿ. ಆಮೇಲೆ ಕಾರನ್ನು ಎರಡೂ ಅಂಗೈ ನಡುವೆ ಹಿಡಿದು, ಮುಂದಿನಿಂದ ಹಿಂದಕ್ಕೆ ಒಂದೊಂದೇ ಒತ್ತಿ. ‘ಟಕ್’ ಅಂತ ಸಣ್ಣ ಸದ್ದು ಬರಬೇಕು.

ಬರಲಿಲ್ಲವೇ? ಒತ್ತಡ ಜಾಸ್ತಿ ಮಾಡಬೇಡಿ, ನಿಲ್ಲಿಸಿ. ಚಾವಣಿ ಮುಚ್ಚದಿದ್ದರೆ ದೋಷ ಚಾವಣಿಯಲ್ಲಿ ಇರುವುದು ಕಡಿಮೆ, ಒಳಗೇನೋ ಅಡ್ಡ ಬಂದಿರುತ್ತದೆ. ಒಮ್ಮೆ ನನ್ನ ಕೆಂಪು ಕಾರಿನ ಚಾವಣಿ ಬಾಗಿಲಿಗಿಂತ ಕೂದಲೆಳೆಯಷ್ಟು ಎತ್ತರಕ್ಕೇ ನಿಂತುಬಿಟ್ಟಿತ್ತು. ಅರ್ಧ ಗಂಟೆ ಹುಡುಕಿದೆ. ಕೊನೆಗೆ ಟಾರ್ಚ್ ಹಾಕಿ ಅಡಿಯಿಂದ ನೋಡಿದರೆ, ಎಡ ಮುಷ್ಟಿ ಒಳಕ್ಕೆ ತಿರುಗುವ ಬದಲು ಹೊರಕ್ಕೆ ತಿರುಗಿತ್ತು. ಹೆಬ್ಬೆರಳು ಚಾವಣಿಗೆ ತಾಗುತ್ತಿತ್ತು. ಮಣಿಕಟ್ಟು ಅರ್ಧ ಸುತ್ತು ತಿರುಗಿಸಿದೆ, ಚಾವಣಿ ತಾನಾಗಿಯೇ ಕೂತಿತು. ಅಂದಿನಿಂದ ಮೊದಲು ನೋಡುವುದು ಮುಷ್ಟಿ, ಆಮೇಲೆ ಮೊಣಕೈ, ಆಮೇಲೆ ಪಾದ.

ಹಿಡಿಯುವ ಜಾಗವೂ ಮುಖ್ಯ. ತುಂಡಿನ ತುದಿ ಹಿಡಿದು ಎಳೆದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ. ಕೀಲಿನ ಪಕ್ಕದಲ್ಲೇ ಹಿಡಿಯಿರಿ. ಗೂಟ ಬಿಚ್ಚುವಾಗ ನೇರವಾಗಿ ಎಳೆಯಿರಿ, ತಿರುಚಬೇಡಿ. ಬಣ್ಣದ ಪ್ಲಾಸ್ಟಿಕ್ ಮಡಿಕೆಯಲ್ಲಿ ಬಿಳಿ ಗೆರೆ ಕಂಡರೆ ಅದು ಸೋಲುತ್ತಿದೆ ಅಂತಲೇ ಅರ್ಥ. ಕಿಟಕಿಯ ಪಾರದರ್ಶಕ ಪ್ಲಾಸ್ಟಿಕ್ ಈ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಒಮ್ಮೆಲೇ ಸೀಳುತ್ತದೆ. ಅದರೊಳಗೆ ಲೋಹದ ಪಿನ್ ಹಾಯಿಸಿದ್ದರೆ ಇನ್ನೂ ನಾಜೂಕು. ಅಂಥ ಕೀಲು ಕಂಡರೆ ವಿಮರ್ಶೆಯಲ್ಲಿ ಮೊದಲ ಸಾಲಿಗೇ ಹಾಕಿ.

ಬಿಗಿ ಕೀಲಿಗೆ ಮನೆಯಲ್ಲಿದ್ದ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಪೆಟ್ರೋಲಿಯಂ ಎಣ್ಣೆಯಿಂದ ಕೆಲವು ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಸಿಲಿಕೋನ್ ಗ್ರೀಸ್ ಸಾಸಿವೆ ಕಾಳಿನಷ್ಟು ಸಾಕು. ಸಡಿಲವಾದ ಗುಂಡು ಕೀಲಿಗೆ ಬಣ್ಣವಿಲ್ಲದ ಉಗುರು ಪಾಲಿಶ್ ತೆಳ್ಳಗೆ ಬಳಿದು, ಒಂದು ರಾತ್ರಿ ಪೂರ್ತಿ ಒಣಗಿಸಿ ಸೇರಿಸಿ. ಸೂಪರ್ ಗ್ಲೂ ಬಳಿಯುವ ಉಪಾಯವೂ ಇದೆ. ನನಗೆ ಅದು ಒಪ್ಪಿಗೆ ಇಲ್ಲ, ಹಸಿ ಇರುವಾಗ ಸೇರಿಸಿದರೆ ಕೀಲು ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಇನ್ನು ನಕಲಿ ಗೊಂಬೆಗಳು. ಫೋಟೊದಲ್ಲಿ ಅಸಲಿಯ ಹಾಗೇ ಕಾಣುತ್ತವೆ. ಕೈಯಲ್ಲಿ ಹಿಡಿದರೆ ಗೂಟಕ್ಕೂ ತೂತಿಗೂ ಅಳತೆಯೇ ಕೂಡಿರುವುದಿಲ್ಲ. ನಾನು ಒಂದು ತಂದು ನೋಡಿದ್ದೆ. ಒಂದು ದಿನವೂ ಅದು ಪೂರ್ತಿ ಕಾರಾಗಲಿಲ್ಲ.

ಕಾರು ಆಯಿತಾ? ನುಣುಪಾದ ಮೇಜಿನ ಮೇಲೆ ಉರುಳಿಸಿ. ನಾಲ್ಕೂ ಚಕ್ರ ತಾಗಬೇಕು, ಹೊಟ್ಟೆ ಉಜ್ಜಬಾರದು. ಬೆಳಕಿಗೆ ಹಿಡಿದು ಸಂದು ಎಲ್ಲಿದೆ ನೋಡಿ. ಕಿಟಕಿಯ ಕಂಬಗಳ ಬಣ್ಣ ಬಾಗಿಲಿನ ಬಣ್ಣಕ್ಕೆ ಹೊಂದುತ್ತದೆಯೇ ನೋಡಿ. ಪಾರದರ್ಶಕ ತುಂಡಿಗೆ ಬಳಿದ ಪೇಂಟ್ ಒಂದು, ಬಣ್ಣ ಬೆರೆಸಿದ ಪ್ಲಾಸ್ಟಿಕ್ ಇನ್ನೊಂದು. ಎಷ್ಟೋ ಸಲ ಎರಡೂ ಒಂದೇ ಕೆಂಪು ಆಗಿರುವುದಿಲ್ಲ.

ಇಷ್ಟಾದ ಮೇಲೆ ಮತ್ತೆ ರೋಬೋಟ್ ಮಾಡಿ, ಮತ್ತೆ ಕಾರು ಮಾಡಿ. ಕನಿಷ್ಠ ಮೂರು ಸಲ. ಮೊದಲ ಸಲ ಕಷ್ಟ ಅನಿಸಿದ್ದು ಕೈಗೆ ಅಭ್ಯಾಸವಿಲ್ಲದ್ದಕ್ಕೆ ಇರಬಹುದು. ಮೂರನೇ ಸಲವೂ ಅದೇ ಜಾಗದಲ್ಲಿ ತೊಂದರೆಯಾದರೆ ಮಾತ್ರ ಅದು ಗೊಂಬೆಯ ದೋಷ. ಆಗ ಪೇಂಟ್ ಎಲ್ಲಿ ಉಜ್ಜಿ ಹೋಗಿದೆ, ಯಾವ ಗೂಟ ಸಡಿಲವಾಗಿದೆ ಅಂತಲೂ ಗೊತ್ತಾಗುತ್ತದೆ.

ಹಳೆಯ ಗೊಂಬೆಗೆ ಮಾತ್ರ ಈ ಮಾತು ಬೇಡ. 1980ರ ದಶಕದ ಕೊನೆ ಮತ್ತು 1990ರ ದಶಕದ ಕೆಲವು ಗೊಂಬೆಗಳಲ್ಲಿ ಮಿನುಗುವ ಚಿನ್ನದ ಬಣ್ಣದ ಪ್ಲಾಸ್ಟಿಕ್ ಇದೆ. ವರ್ಷ ಕಳೆದ ಹಾಗೆ ಅದು ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಅಂಥದ್ದು ಯಾವ ರೂಪದಲ್ಲಿ ಸಿಕ್ಕಿತೋ ಆ ರೂಪದಲ್ಲೇ ಇರಲಿ.

ಫೋಟೊ ಹಾಕುವಾಗ ಮೂರನೆಯದು ಒಂದು ಸೇರಿಸಿ: ಅರ್ಧ ಮಡಚಿದ್ದು, ಮುಷ್ಟಿ ಯಾವ ಕಡೆ ತಿರುಗಿರಬೇಕು ಅಂತ ಕಾಣುವ ಹಾಗೆ. ನಿಮ್ಮ ವಿಮರ್ಶೆ ಓದಿ ತಂದವರು ಅಲ್ಲೇ ಬಂದು ನಿಲ್ಲುತ್ತಾರೆ.